ತಿಳಿನೀರಿನ ತೊಟ್ಟಿ

ಮೀನುಗಳು ಮುಗಿಲಿಗೆ ಹೊಟ್ಟೆ ತೋರಿಸಿ ತೇಲುತ್ತಿದ್ದವು. ಕಾಲುವೆಯ ನೀರು ಕಡುನೀಲಿ. ದಂಡೆಯ ಮೇಲೆ ಅಂಗಡಿಯಿಟ್ಟಿದ್ದ ಬಣ್ಣಗಾರನ ಕೈಗಳೂ ನೀಲಿ. ಇನ್ಸ್‌ಪೆಕ್ಟರಿಗೆ ಅಷ್ಟೇ ಸಾಕಾಗಿತ್ತು.

“ಸಾಕ್ಷಿ ಕೈಗೇ ಅಂಟ್ಕೊಂಡಿದೆ ಮೇಡಂ. ಬೀಗ ಜಡಿದುಬಿಡ್ತೀನಿ.”

“ಈ ಕೈ ನನ್ನ ಮದುವೇಲೂ ನೀಲಿನೇ ಇತ್ತು ಸ್ವಾಮಿ!” ಬಣ್ಣಗಾರ ಅಂಗಲಾಚಿದ. “ಅಂಗಡಿ ಮುಚ್ಚಿದ್ರೆ ಹೆಂಡ್ತಿ ಮಕ್ಕಳ ಗತಿ ಏನು?”

ಮಾಲಿನ್ಯ ತಪಾಸಣೆಯ ಅಧಿಕಾರಿಣಿ ಬಗ್ಗಿ ಸತ್ತ ಮೀನುಗಳನ್ನು ನೋಡಿದಳು. ಹರಿವಿಗೆ ಎದುರಾಗಿ ದಂಡೆಗುಂಟ ನಡೆದಳು. ಅಂಗಡಿಯಿಂದ ಬಹಳ ಮೇಲೆ, ತೂಬಿನ ಹಲಗೆಗೆ ಒತ್ತಿಕೊಂಡು ಇನ್ನಷ್ಟು ಮೀನು ಸತ್ತು ಬಿದ್ದಿದ್ದವು.

“ಸತ್ತ ಮೀನು ಹರಿವಿಗೆ ಎದುರು ಈಜಲ್ಲ ಇನ್ಸ್‌ಪೆಕ್ಟ್ರೇ. ವಿಷ ಮೇಲಿಂದ ಬಂದಿದೆ.”

“ಮೇಲಿರೋದು ಬಟ್ಟೆ ಗಿರಣಿ ಒಂದೇ. ಅಲ್ಲಿ ಕೊಳೆನೀರು ನೋಡ್ಕೊಳ್ಳೋದು ನಿಮ್ಮ ಗುರುಗಳೇ ಅಲ್ವಾ!”

ಅವಳು ಗಿರಣಿಯ ದಾರಿ ಹಿಡಿದಳು.

*

ಗಿರಣಿಯ ಕೊಳೆನೀರಿಗೆ ಯಾವ ವಿಧಾನ ಉತ್ತಮ ಎಂದು ಹಿಂದೆ ಆರಿಸಿದ್ದು ಗುರುಗಳು ಮತ್ತು ಅವಳೇ. ರಾಸಾಯನಿಕ ಬೆರೆಸಿ ಬಣ್ಣವನ್ನು ತಳಕ್ಕಿಳಿಸಬಹುದಿತ್ತು. ಸೋಸಿ ಅದೇ ನೀರನ್ನು ಮತ್ತೆ ಬಳಸಬಹುದಿತ್ತು. ಗುರುಗಳು ಮೂರನೆಯದನ್ನು ಹಿಡಿದರು: ಸೂಕ್ಷ್ಮಜೀವಿಗಳನ್ನು ತೊಟ್ಟಿಯಲ್ಲಿ ಸಾಕಿ, ಕೊಳೆಯನ್ನು ಅವಕ್ಕೇ ಉಣಿಸುವುದು. ಕಲಿತ ಪದ್ಯ ಒಪ್ಪಿಸುವವಳಂತೆ ಅವಳು ಒಪ್ಪಿದ್ದಳು.

“ಬಾ ಮಗಳೇ,” ಎಂದು ಗುರುಗಳು ನಗುತ್ತ ತೊಟ್ಟಿಯ ಬಳಿಗೆ ಕರೆದೊಯ್ದರು. ಗಾಳಿಗುಳ್ಳೆಗಳು ಏಳುತ್ತಿದ್ದವು. ನೀರು ಸ್ಫಟಿಕ. ತಳ ಕಾಣುತ್ತಿತ್ತು.

“ಆಹಾ, ಕುಡಿಯೋ ಹಾಗಿದೆ!” ಎಂದ ಇನ್ಸ್‌ಪೆಕ್ಟರ್. “ನಡೀರಿ, ಬಣ್ಣಗಾರನ ಅಂಗಡಿಗೇ ಹೋಗೋಣ.”

ಅವಳು ಕದಲಲಿಲ್ಲ. ಮೂಗರಳಿಸಿದಳು. ಯಾವ ವಾಸನೆಯೂ ಇಲ್ಲ. ತೊಟ್ಟಿಯ ಹಿಂದಿನಿಂದ ಕಾಲುವೆಯ ಕಡೆಗೆ ಚಪ್ಪಡಿಗಳ ಸಾಲು ಹೋಗಿತ್ತು. ಕೂತು ಅಂಗೈ ಇಟ್ಟಳು. ನೆರಳಿನ ಕಲ್ಲು, ಆದರೂ ಬಿಸಿ.

“ಇದನ್ನ ಎತ್ತಿಸಿ.”

“ಅಲ್ಲೇನಿಲ್ಲ, ಬಿಡಮ್ಮ.” ಗುರುಗಳ ನಗು ಮಾಸಿತ್ತು.

ಚಪ್ಪಡಿ ಎದ್ದಿತು. ಕೆಳಗೊಂದು ಕೊಳವೆ. ಅದರ ಬೆಸುಗೆಯಲ್ಲಿ ಜಿನುಗುತ್ತಿದ್ದ ನೀರು ಕಡುನೀಲಿ.

*

“ಹೇಗೆ ಗೊತ್ತಾಯ್ತು ಮೇಡಂ?”

“ಇವರೇ ಕಲಿಸಿದ್ದು. ಜೀವ ಇರೋ ತೊಟ್ಟಿ ಕೆಸರಿನ ಹಾಗಿರುತ್ತೆ, ಒದ್ದೆ ಮಣ್ಣಿನ ವಾಸನೆ ಬರುತ್ತೆ. ತಳ ಕಂಡ್ರೆ ಅಲ್ಲಿ ಜೀವ ಇಲ್ಲ. ಇದು ಬರೀ ನಲ್ಲಿನೀರು. ಬಣ್ಣದ ಕಡಾಯಿಯ ನೀರು ಬಿಸಿ ಇರುತ್ತೆ. ಅದು ತೊಟ್ಟಿಗೆ ಬರ್ತಿಲ್ಲ ಅಂದ್ರೆ ಇನ್ನೆಲ್ಲೋ ಹರೀಬೇಕಲ್ಲ? ಕಲ್ಲು ಹೇಳ್ತು.”

ಗುರುಗಳು ತೊಟ್ಟಿಯ ಕಟ್ಟೆಯ ಮೇಲೆ ಕುಸಿದರು. “ಗಿರಣಿಯೋರು ಹೊಸ ಬಣ್ಣ ತಂದ್ರು. ಜೀವಿಗಳು ಸತ್ವು. ಮತ್ತೆ ಬಿಟ್ಟೆ, ಮತ್ತೆ ಸತ್ವು. ನಾನು ಆರಿಸಿದ್ದೇ ಸರಿಯಿಲ್ಲ ಅಂತ ಯಾರ ಮುಂದೆ ಹೇಳ್ಲಿ?”

“ನನ್ನ ಮುಂದೆ. ಇನ್ನೊಂದು ವಿಧಾನ ಆರಿಸ್ತಿದ್ವಿ.” ಅವಳು ತೊಟ್ಟಿಯತ್ತ ಕೈ ತೋರಿಸಿದಳು. “ತಪಾಸಣೆಗೆ ನಾನೇ ಬರೋದು ಅಂತ ಗೊತ್ತಿತ್ತಲ್ಲ? ತಿಳಿನೀರು ಕಂಡ್ರೆ ನನಗೆ ತಿಳಿಯಲ್ವಾ?”

“ಗಿರಣಿ ಯಜಮಾನರ ಕಣ್ಣಿಗೆ ಚೆನ್ನಾಗಿರ್ಲಿ ಅಂತ ತುಂಬಿಸಿದ್ದು. ನಿನಗೆ ತಿಳಿಯುತ್ತೆ ಅಂತ ಗೊತ್ತಿತ್ತು. ತಿಳಿದ್ರೂ ಬಾಯಿ ಬಿಡಲ್ಲ ಅಂದ್ಕೊಂಡೆ, ಮಗಳೇ.”

“ಆ ಬಣ್ಣಗಾರ?”

“ಅವನ ಕೈ ಹೇಗೂ ನೀಲಿಯಾಗಿತ್ತಲ್ಲ...”

ಅವಳು ಇನ್ಸ್‌ಪೆಕ್ಟರನ ಕೈಯಿಂದ ಬೀಗ ತೆಗೆದುಕೊಂಡಳು. ಗಿರಣಿಯ ಬಾಗಿಲಿಗೆ ತಾನೇ ಜಡಿದಳು. ತಿರುಗಿ ನೋಡಿದರೆ, ಗುರುಗಳು ತಮ್ಮ ಅಂಗೈಗಳನ್ನೇ ದಿಟ್ಟಿಸುತ್ತಿದ್ದರು. ಬೆಳ್ಳಗಿದ್ದವು.