ಕಡಲೆ ಹೊಲದ ಅಡ್ಡದಾರಿ

ಶಲವಡಿಯ ಡಾಂಬರ್ ರಸ್ತೆ ಬಿಟ್ಟು ಒಂದೂವರೆ ತಾಸು ಎರೆ ಹೊಲಗಳ ನಡುವೆ ನಡೆಯಬೇಕು. ಹಳೆ ಕೆರೆ ಮುಟ್ಟಬೇಕು. ಹಿಮಾಲಯ ದಾಟಿ ಬರುವ ಹೆಬ್ಬಾತುಗಳನ್ನು ಕಣ್ತುಂಬ ನೋಡಿ, ದಂಡೆಯ ಮೇಲೆ ರೊಟ್ಟಿ ಬುತ್ತಿ ಬಿಚ್ಚಿ, ಹೊತ್ತು ಇಳಿಯುವುದರೊಳಗೆ ರಸ್ತೆಗೆ ವಾಪಸು ಬರಬೇಕು. ನೇತ್ರಾ ಮತ್ತು ಗೌರೀಶ ಹಾಕಿಕೊಂಡ ಯೋಜನೆ ಇಷ್ಟೇ. ಮದುವೆಯಾದ ಏಳು ವರ್ಷದಲ್ಲಿ ಇಬ್ಬರಿಗೂ ಒಟ್ಟಿಗೆ ಸಿಕ್ಕ ಮೊದಲ ರಜೆ ಇದು. ಮಂದಿ ಡಿಸೆಂಬರ್ ಬಂದರೆ ಗೋವಾಕ್ಕೆ ಓಡುತ್ತಾರೆ. ಈ ಪುಣ್ಯಾತ್ಮರು ಬಾತು ಹುಡುಕಿಕೊಂಡು ಹೊಲ ಹೊಕ್ಕಿದ್ದರು.

ನೇತ್ರಾ ಹುಬ್ಬಳ್ಳಿಯಲ್ಲಿ ವಿಜ್ಞಾನದ ಟೀಚರು. ಗೌರೀಶ ಕುಂದಗೋಳದ ಕಡೆಯ ಒಕ್ಕಲುತನದ ಮನೆಯ ಮಗ, ಈಗ ಕಚೇರಿ ನೌಕರ. ಹದಿನಾಲ್ಕನೇ ವಯಸ್ಸಿನಿಂದ ಅವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಇಲ್ಲದಿದ್ದರೆ ರಕ್ತದೊಳಗಿನ ಸಕ್ಕರೆ ಇಳಿದು ಮೊದಲು ಕೈ ನಡುಗುತ್ತದೆ, ಆಮೇಲೆ ತಲೆ ಕೆಡುತ್ತದೆ, ಕಡೆಗೆ ಎಚ್ಚರವೇ ತಪ್ಪುತ್ತದೆ.

"ಬೆಲ್ಲದ ಡಬ್ಬಿ ನನ್ನ ಕಡೆ ಕೊಡ್ರಿ," ಎಂದಿದ್ದಳು ನೇತ್ರಾ, ಹೊರಡುವಾಗ.

"ಬುತ್ತಿ ಚೀಲದಾಗ ಇರ್ಲಿ ಬಿಡ. ಅದರ ಸಂಗಾಟ ನಾನೂ ಇರ್ತೀನಲ್ಲ."

ಮುಂಜಾನೆಯ ಬಿಸಿಲು ಚೆನ್ನಾಗಿತ್ತು. ಕಣ್ಣು ಹಾಯುವವರೆಗೂ ಕರಿ ನೆಲ, ಅದರ ಮೇಲೆ ಕಡಲೆ, ಜೋಳ, ಅಲ್ಲಲ್ಲಿ ಕುಸುಬೆ. ಒಂದು ಗುಡ್ಡವಿಲ್ಲ, ಒಂದು ತೋಪಿಲ್ಲ. ಇಬ್ಬನಿ ಕೂತ ಕಡಲೆ ಕುಡಿಯನ್ನು ಗೌರೀಶ ಬೆರಳಲ್ಲಿ ಸವರಿ ಹೆಂಡತಿಯ ನಾಲಿಗೆಗೆ ಹಚ್ಚಿದ. ಅವಳ ಮುಖ ಹುಳ್ಳಗಾದದ್ದು ನೋಡಿ ನಕ್ಕ. ಆದರೆ ಹೊಲದೊಳಗೆ ಕಾಲಿಡಲಿಲ್ಲ. "ನಿಂತ ಬೆಳಿ ತುಳಿಬಾರದು. ನಮ್ಮಪ್ಪಾರು ಕಲಿಸಿದ ಮೊದಲನೇ ಪಾಠ," ಎಂದ ಹೆಮ್ಮೆಯಿಂದ. ಅವನ ಅಪ್ಪ ಮಡಿವಾಳೆಪ್ಪನ ಈ ಪಾಠವನ್ನು ನೇತ್ರಾ ಏಳು ವರ್ಷದಿಂದ ಕೇಳುತ್ತ ಬಂದಿದ್ದಳು.

ಕೆರೆಯಲ್ಲಿ ಒಂದೇ ಒಂದು ಹೆಬ್ಬಾತು ಇರಲಿಲ್ಲ. ಕಾಯುತ್ತ ಕೂತರು. ಮೂಡಣ ದಿಕ್ಕು ಕಪ್ಪಿಟ್ಟಿತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎಂದು ಟೀವಿಯವರು ಎರಡು ದಿನದಿಂದ ಬಡಕೊಳ್ಳುತ್ತಿದ್ದರು. ಅದು ಮದ್ರಾಸಿನವರ ತಲೆನೋವು ಅಂದುಕೊಂಡಿದ್ದರು ಇವರು.

ಗೌರೀಶ ಊಟಕ್ಕೆಂದು ಇನ್ಸುಲಿನ್ ಚುಚ್ಚಿಕೊಂಡಿದ್ದ, ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ಹನ್ನೊಂದಕ್ಕೆ ಗಾಳಿ ಎದ್ದಿತು. ಅದರ ಬೆನ್ನಿಗೇ ಮಳೆ.

"ಊಟ ಆಮೇಲೆ, ಮೊದಲ ಹಳ್ಳ ದಾಟೂಣು," ಎಂದ ಗೌರೀಶ. ಬರುವಾಗ ಪಾದ ಮುಳುಗುವಷ್ಟಿದ್ದ ಹಳ್ಳ ಈಗ ತೊಡೆಮಟ್ಟ ಕರಿ ರಾಡಿಯಾಗಿ ಹರಿಯುತ್ತಿತ್ತು. ಕೈ ಕೈ ಹಿಡಿದು ಇಳಿದರು. ನಡುವೆ ಗೌರೀಶನ ಕಾಲು ಜಾರಿತು. ನೇತ್ರಾ ಅವನ ಅಂಗಿ ಕಾಲರ್ ಹಿಡಿದು ಎಳೆದಳು. ಗಂಡ ಸಿಕ್ಕ. ಚೀಲ ಹೋಯಿತು.

ದಂಡೆ ಹತ್ತಿ ಅವನು ಜೇಬು ಮುಟ್ಟಿ ನೋಡಿಕೊಂಡ. ಇನ್ಸುಲಿನ್ ಪೆನ್ನು ಭದ್ರವಾಗಿತ್ತು. ಬೇಕಾದ ಬೆಲ್ಲ ಮಾತ್ರ ನೀರು ಪಾಲಾಗಿತ್ತು. ಇಬ್ಬರ ಫೋನೂ ನೀರು ಕುಡಿದು ಸತ್ತಿದ್ದವು.

ಚಕ್ಕಡಿ ದಾರಿಯಲ್ಲಿ ಹೆಜ್ಜೆ ಹಾಕಿದರು. ಎರೆ ಮಣ್ಣಿಗೆ ಮಳೆ ಬಿದ್ದರೆ ಹೇಗಿರುತ್ತದೆಂದು ಅಲ್ಲಿಯವರಿಗೇ ಗೊತ್ತು. ಒಂದೊಂದು ಹೆಜ್ಜೆಗೂ ಸೇರು ಸೇರು ಮಣ್ಣು ಅಂಟಿ, ಕಾಲಿಗೆ ಒರಳುಕಲ್ಲು ಕಟ್ಟಿದ ಹಾಗಾಯಿತು. ಒಂದು ತಾಸು ಹೆಣಗಿದರೂ ಹಳ್ಳದ ದಂಡೆಯ ಜಾಲಿ ಗಿಡ ಬೆನ್ನ ಹಿಂದೆಯೇ ಕಾಣುತ್ತಿತ್ತು.

"ಕೈ ತೋರಸ್ರಿ."

"ಏನಾಗಿಲ್ಲ. ಥಂಡಿಗೆ ನಡಗಾಕತ್ತೈತಿ."

ಥಂಡಿಯಲ್ಲಿ ಹಣೆ ಬೆವರುವುದಿಲ್ಲ. ನೇತ್ರಾ ಸುತ್ತ ಕಣ್ಣು ಹಾಯಿಸಿದಳು.

ಎದುರಿಗೆ ದೂರದಲ್ಲಿ ಒಂದು ತಗಡಿನ ಮನೆ, ಅದರ ಮೇಲೆ ಹೊಗೆ. ಚಕ್ಕಡಿ ದಾರಿ ಅಲ್ಲಿಗೆ ದೊಡ್ಡ ಸುತ್ತು ಹಾಕಿ ಹೋಗುತ್ತಿತ್ತು. ನೆಟ್ಟಗೆ ಹೋದರೆ ನಡುವೆ ಇದ್ದದ್ದು ಒಂದು ಕಡಲೆ ಹೊಲ. ಅವಳು ಒಂದು ಕಾಲನ್ನು ಗಿಡಗಳ ಮೇಲಿಟ್ಟು ನೋಡಿದಳು. ಬೇರು ಮಣ್ಣು ಹಿಡಿದಿತ್ತು. ಕಾಲು ಹೂಳಲಿಲ್ಲ.

"ಹೊಲದಾಗ ಬರ್ರಿ. ಇಲ್ಲೆ ಕಾಲ ಸಿಗಬೀಳೂದಿಲ್ಲ."

"ಬೆಳಿ ತುಳಿಬಾರದು."

"ಈಗ ಅದೆಲ್ಲಾ ಬ್ಯಾಡ್ರಿ."

"ಯಾರೋ ಬೆವರ ಸುರಿಸಿ ಬೆಳದಾರ. ನಾ ತುಳಿಯಾಂವಲ್ಲ." ನಾಲಿಗೆ ತೊದಲುತ್ತಿತ್ತು. ಅವನು ಕೆಸರಿನಲ್ಲಿ ದಪ್ಪೆಂದು ಕುಳಿತೇಬಿಟ್ಟ.

ಸಕ್ಕರೆ ಇಳಿದಾಗ ಇವನಿಗೆ ಹಟ ಏರುತ್ತದೆಂದು ಅವಳಿಗೆ ಗೊತ್ತಿತ್ತು. ಈಗ ಮಾತಾಡುತ್ತಿರುವುದು ಅಪ್ಪನ ಪಾಠವೋ, ಇಳಿದ ಸಕ್ಕರೆಯೋ, ಶಿವನೇ ಬಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಇಬ್ಬರ ಚಪ್ಪಲಿಯನ್ನೂ ಕಿತ್ತು ಎಸೆದಳು. ದುಪಟ್ಟಾದ ಒಂದು ತುದಿ ಅವನ ಮುಂಗೈಗೆ, ಇನ್ನೊಂದು ತನ್ನ ಸೊಂಟಕ್ಕೆ ಬಿಗಿದಳು.

"ಚಪ್ಪಲ್ ಇಲ್ಲ ಈಗ. ಬರಿಗಾಲಲೆ ತುಳೀರಿ, ಪಾಪ ಬಂದ್ರ ನನಗಿರ್ಲಿ. ಇಲ್ಲಾ ಅಂದ್ರ ನಾನೂ ಇಲ್ಲೇ ಕುಂದ್ರತೀನಿ. ಇಬ್ಬರೂ ಕೂಡೇ ಬೀಳೂಣು."

ಅವನು ಅವಳ ಮುಖ ನೋಡಿದ. ಎದ್ದ.

ಹತ್ತು ಹೆಜ್ಜೆ. ಇಪ್ಪತ್ತು. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ದುಪಟ್ಟಾ ಬಿಗಿಯಾದಾಗಲೆಲ್ಲ ಅವಳು ಜಗ್ಗಿದಳು.

ಹೊಲದ ನಡುವೆ ದುಪಟ್ಟಾ ಒಮ್ಮೆಲೇ ಭಾರವಾಯಿತು. ಗೌರೀಶ ಮಗ್ಗುಲಾಗಿ ಬಿದ್ದಿದ್ದ. ಕಣ್ಣು ತೆರೆದಿದ್ದವು, ನೋಟ ಎಲ್ಲೋ ಇತ್ತು.

ನೇತ್ರಾ ಕೂಗಿದಳು. ಶಾಲೆಯ ಮೈದಾನಕ್ಕೆಲ್ಲ ಕೇಳಿಸುವ ಗಂಟಲು ಅವಳದು, ಗಾಳಿ ಅದನ್ನೂ ನುಂಗಿತು. ಮತ್ತೆ ಕೂಗಿದಳು. ಮೂರನೇ ಸಲಕ್ಕೆ ತಗಡಿನ ಮನೆಯಿಂದ ಗೊಬ್ಬರ ಚೀಲದ ಕೊಪ್ಪೆ ಹೊದ್ದ ಒಂದು ಆಕೃತಿ ಹೊರಬಂತು.

"ಸಕ್ಕರಿ! ಸಕ್ಕರಿ ತರ್ರಿ!"

ಆ ಹೆಂಗಸು ಯಾಕೆ, ಏನು ಎಂದು ಕೇಳಲಿಲ್ಲ. ಒಳಗೆ ಹೋದಳು. ಕೈಯಲ್ಲಿ ಡಬ್ಬಿ ಹಿಡಿದು, ಸೀರೆ ಎತ್ತಿ ಕಟ್ಟಿ, ಕಡಲೆ ಹೊಲದೊಳಗೇ ನೆಟ್ಟಗೆ ದಾಪುಗಾಲು ಹಾಕುತ್ತ ಬಂದಳು.

ನೇತ್ರಾ ಒದ್ದೆ ಬೆರಳಿನಿಂದ ಸಕ್ಕರೆಯನ್ನು ಅವನ ಒಸಡಿಗೆ ತಿಕ್ಕಿದಳು. "ನುಂಗ್ರಿ. ನಿಮಗ ಕೈ ಮುಗೀತೀನಿ, ನುಂಗ್ರಿ." ಗಂಟಲು ಅಲುಗಿತು. ಇನ್ನೊಂದು ಚಿಟಿಕೆ. ಮತ್ತೊಂದು. ಆ ಹತ್ತು ನಿಮಿಷ ಅವಳು ಗಂಟಲನ್ನೇ ನೋಡುತ್ತ ಕೂತಳು. ಮಳೆ ಬರುತ್ತಿದೆ ಅನ್ನುವುದೂ ಮರೆತಿತ್ತು.

ಗೌರೀಶನ ಕಣ್ಣಿಗೆ ನೋಟ ಮರಳಿತು. ಮೊದಲು ಕೇಳಿದ್ದು: "ಇದು ಯಾರ ಹೊಲಾರಿ?"

"ನಂದಽ," ಎಂದಳು ಸಣ್ಣವ್ವ. ಅದು ಅವಳ ಹೆಸರು.

"ತಪ್ಪಾತ್ರೀ ಯವ್ವಾ. ಬೆಳಿ ತುಳದೇವಿ."

"ಅಲ್ಲೋ ತಮ್ಮಾ, ಮಳ್ಯಾಗ ಚಕ್ಕಡಿ ದಾರೀಲೆ ಯಾರ ಬರ್ತಾರ? ನಾವೆಲ್ಲಾ ಇದರಾಗಽ ಅಡ್ಯಾಡೂದು. ನಿಮ್ಮಪ್ಪ ಹೇಳಿಲ್ಲೇನು?"

ನೇತ್ರಾ ಅಳುತ್ತಲೇ ನಕ್ಕಳು. ಪಾಠದ ಅರ್ಧ ಮಾತ್ರ ಕಲಿತ ಗಂಡ, ಆ ಅರ್ಧಕ್ಕೇ ಜೀವ ಕೊಡಲು ಹೊರಟಿದ್ದ.

ಸಂಜೆಗೆ ಹಳ್ಳ ಹೊಲದ ಅಂಚಿಗೆ ಬಂತು. ಸಣ್ಣವ್ವನ ಗಂಡ ಹೊಳಬಸಪ್ಪ ನವಲಗುಂದದಲ್ಲೇ ಸಿಕ್ಕಿಬಿದ್ದಿದ್ದ. ಅವಳು ಇಬ್ಬರನ್ನೂ ಉಳಿಸಿಕೊಂಡು, ಬಿಸಿ ರೊಟ್ಟಿ, ಕಡಲೆ ಪಲ್ಲೆ ಬಡಿಸಿ, ಹಳೆ ಜಮಖಾನ ಹೊದಿಸಿದಳು. ಊಟಕ್ಕೆ ಕೂರುವಾಗ ಗೌರೀಶ ಇನ್ಸುಲಿನ್ ಪೆನ್ನು ತೆಗೆಯುವ ಮೊದಲು ಸಕ್ಕರೆ ಡಬ್ಬಿಯನ್ನು ತಾನೇ ಹೆಂಡತಿಯ ಕೈಗೆ ಕೊಟ್ಟ.

ಬೆಳಗ್ಗೆ ಮಳೆ ನಿಂತಿತ್ತು. ಸಣ್ಣವ್ವ ಎಣ್ಣೆ ಡಬ್ಬ ಬಡಿಯುತ್ತ ಬೈಯುತ್ತಿದ್ದ ಸದ್ದಿಗೆ ಇಬ್ಬರೂ ಎದ್ದು ಬಂದರು.

ಕಡಲೆ ಹೊಲದಲ್ಲಿ ಐವತ್ತು, ಅರವತ್ತು ಹೆಬ್ಬಾತುಗಳು. ಬಿಳಿ ತಲೆ, ಹಿಂದೆ ಎರಡು ಕರಿ ಪಟ್ಟಿ. ತಮ್ಮ ಅಪ್ಪನ ಆಸ್ತಿ ಎಂಬಂತೆ ಕುಡಿ ಕಿತ್ತು ಮೇಯುತ್ತಿದ್ದವು.

"ನಿಮ್ಮ ನಾಕ ಕಾಲಿಗೆ ಇಷ್ಟ ಚಿಂತಿ ಮಾಡಿದಿ. ಈಗ ಇವನ್ನ ನೋಡ," ಎಂದಳು ಸಣ್ಣವ್ವ.

ಇವನ್ನು ನೋಡಲೆಂದೇ ಇವರು ಬಂದದ್ದು. ನೇತ್ರಾ ಉಸಿರು ಬಿಗಿಹಿಡಿದು ನಿಂತಳು. ಗೌರೀಶ ಒಂದು ಗಳಿಗೆ ನೋಡಿದ. ಆಮೇಲೆ ಸಣ್ಣವ್ವನ ಕೈಯಿಂದ ಡಬ್ಬ ಕಸಿದುಕೊಂಡು, ಬರಿಗಾಲಲ್ಲಿ ಹೊಲದೊಳಗೆ ನುಗ್ಗಿದ. "ಹೋ! ಹೋ!"

ಹೆಬ್ಬಾತುಗಳೆಲ್ಲ ಒಟ್ಟಿಗೆ ಎದ್ದವು. ಅವನ ತಲೆಯ ಮೇಲಿಂದಲೇ, ರೆಕ್ಕೆಯ ಗಾಳಿ ತಾಗುವಷ್ಟು ಕೆಳಗೆ ಹಾರಿ, ಕೆರೆಯ ಕಡೆ ತಿರುಗಿದವು. ಏದುಸಿರು ಬಿಡುತ್ತ ಅವನು ಹೊಲದ ನಡುವೆ ನಿಂತ.

"ನೋಡಿದೇನ ನೇತ್ರಾ?"

"ನೋಡಿದೆ," ಎಂದಳು ಅವಳು. ಅವಳು ನೋಡುತ್ತಿದ್ದದ್ದು ಅವನನ್ನು.

ಬಿಸಿಲೇರಿದ ಮೇಲೆ ರಸ್ತೆಯ ಕಡೆಗೆ ಹೊರಟರು. ಸಣ್ಣವ್ವ ಕೊಟ್ಟ ಸಕ್ಕರೆ ಪೊಟ್ಟಣ ನೇತ್ರಾಳ ಸೊಂಟದಲ್ಲಿತ್ತು. ಚಕ್ಕಡಿ ದಾರಿಯ ಕಡೆ ಗೌರೀಶ ತಿರುಗಿಯೂ ನೋಡಲಿಲ್ಲ. ಮುಂದಾಗಿ, ರಸ್ತೆಯ ಕಡೆಗೂ ಹಬ್ಬಿದ್ದ ಕಡಲೆ ಹೊಲಕ್ಕೆ ಕಾಲಿಟ್ಟು, ಹಿಂದಕ್ಕೆ ಕೈ ಚಾಚಿದ.

"ಸಣ್ಣವ್ವ ತುಳದ ಸಾಲಿನಾಗಽ ಬಾ. ಹೊಸಾ ಗಿಡಾ ಮುರೀಬ್ಯಾಡ."