ಸಂದು ಕಾಣದ ಬಟ್ಟೆ

ಬಹಳ ಕಾಲದ ಹಿಂದೆ, ರಂಗಸೀಮೆ ಎಂಬ ರಾಜ್ಯದಲ್ಲಿ ಚಿನ್ನಾಯಿ ದಾರಿ ತಪ್ಪಿ ನಿಂತಿದ್ದಳು. ಏಳು ರಾಜ್ಯ ಸುತ್ತಿದವಳು ಹುಟ್ಟಿದ ಸೀಮೆಯಲ್ಲೇ ದಾರಿ ತಪ್ಪಿದ್ದಳು. ತಿರುಗಾಡುವವರ ಹಣೆಬರಹವೇ ಅದು. ಬೇಲಿಯ ಮೇಲಿದ್ದ ಗೋಸುಂಬೆಯನ್ನು ಕೇಳಿದಳು: "ಮಾಂತ್ರಿಕ ಕರಿಗೋಡನ ಕೋಟೆಗೆ ಯಾವ ಕಡೆ, ಅಣ್ಣಾ?"

ಗೋಸುಂಬೆಯ ಮೈತುಂಬ ಒಂದೇ ಬಗೆಯ ಕೆಂಪು ಹೂವು. ಬಣ್ಣ ಬದಲಿಸುವುದನ್ನು ಅದು ಮರೆತು ವರ್ಷವಾಗಿತ್ತು.

"ಯಾವ ಕಡೆ ಹೋದರೂ ಅಲ್ಲಿಗೇ, ತಾಯೀ. ಈಗ ಈ ರಾಜ್ಯಕ್ಕೆಲ್ಲ ಒಂದೇ ಹೂವು, ಒಂದೇ ದಾರಿ."

ಮಾತು ನಿಜ. ಕರಿಗೋಡನ ಹೂವಿನ ಬಟ್ಟೆ ಉಟ್ಟವರು ಅವನು ಕೂರೆಂದರೆ ಕೂರುತ್ತಿದ್ದರು, ಏಳೆಂದರೆ ಏಳುತ್ತಿದ್ದರು. ಆ ಹೂವನ್ನು ಒತ್ತುತ್ತಿದ್ದ ಅಚ್ಚು ಚಿನ್ನಾಯಿಯ ಅಕ್ಕ ಗುರವ್ವ. ಅಚ್ಚು ಕೆತ್ತುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಅದಕ್ಕೇ ಮಾಂತ್ರಿಕ ಅವಳನ್ನೇ ತೇಗದ ಅಚ್ಚಾಗಿಸಿಕೊಂಡಿದ್ದ.

ಚಿನ್ನಾಯಿ ಕೋಟೆಗೆ ಹೋಗಿ ಅಕ್ಕನನ್ನು ಬಿಟ್ಟುಕೊಡೆಂದು ಕೇಳಿದಾಗ ಕರಿಗೋಡ ಪಂತ ಕಟ್ಟಿದ. "ನೀನು ಅಚ್ಚೊತ್ತಿದ ಬಟ್ಟೆ ತಾ. ಅಚ್ಚಿಗೆ ಅಚ್ಚು ಸೇರುವ ಸಂದು ನನಗೆ ಸಿಗದಿದ್ದರೆ ಅಕ್ಕ ನಿನ್ನವಳು. ಮೂರು ಸಲವೂ ಸೋತರೆ ನೀನೇ ನನ್ನ ಎರಡನೆಯ ಅಚ್ಚು."

ಮೊದಲ ಸಲ ಚಿನ್ನಾಯಿ ಅಜ್ಜಿಯ ಕಾಲದ ಮಾವಿನಕಾಯಿ ಬಳ್ಳಿಯ ಚಿತ್ತಾರವನ್ನು ಒತ್ತಿ ತಂದಳು. ಎಂಥ ಬಳ್ಳಿ! ಆನೆ ಎಳೆದರೂ ಹರಿಯದಂಥದ್ದು. ಆದರೆ ಅಜ್ಜಿಯರ ಅಚ್ಚೆಲ್ಲ ಚೌಕ, ಗೇಣಿಗೊಂದು. ಮಾಂತ್ರಿಕ ಗೇಣು ಹಾಕಿ ಸಂದಿನ ಮೇಲೆ ಬೆರಳಿಟ್ಟ, ಬಟ್ಟೆ ಎರಡಾಯಿತು. ಚಿನ್ನಾಯಿಯ ಜಡೆ ಮರವಾಯಿತು.

ಮರದ ಜಡೆ ಹೊತ್ತು ಬೆಟ್ಟ ಹತ್ತಿದಳು. ಅಲ್ಲಿ ಗವಿಯಲ್ಲಿ ತಿರುಕಣ್ಣನೆಂಬ ಮುದುಕ ಹೊಸ ಬಗೆಯ ಚಿತ್ರ ಬರೆಯುತ್ತಿದ್ದ. ಅವನ ಸೂರ್ಯ ದುಂಡಗಿರಲಿಲ್ಲ, ಹಸು ನೀಲಿ, ಹೆಂಗಸಿನ ಮುಖ ಎರಡು ಮುಕ್ಕೋನ. ಇದೇನೆಂದು ನಗುವವರಿಗೆ ಅವನು ನೋಡು ಎಂದಷ್ಟೇ ಹೇಳುತ್ತಿದ್ದ. ಚಿನ್ನಾಯಿ ನೋಡಿದಳು, ಹೊತ್ತು ಇಳಿಯುವವರೆಗೂ ನೋಡಿದಳು. ರಾಜರ ಮೀಸೆಯನ್ನು ಕೂದಲು ಕೂದಲಾಗಿ ಬರೆಯುವವರನ್ನು ಅವಳು ಏಳು ರಾಜ್ಯದಲ್ಲೂ ಕಂಡಿದ್ದಳು. ಗಾಳಿಯನ್ನು ಬರೆದವನನ್ನು ಕಂಡದ್ದು ಇದೇ ಮೊದಲು.

ಎರಡನೆಯ ಸಲ ಅಚ್ಚನ್ನೇ ಬಿಟ್ಟು, ಅವನಂತೆ ಬಣ್ಣ ಎರಚಿ ತಂದಳು. ಕರಿಗೋಡ ಹೊಟ್ಟೆ ಹಿಡಿದು ನಕ್ಕ. ಅಚ್ಚೇ ಇಲ್ಲದ ಮೇಲೆ ಸಂದೆಲ್ಲಿಯದು, ಇದು ಬಟ್ಟೆಯೋ ಅಡುಗೆಮನೆಯ ಮಸಿಬಟ್ಟೆಯೋ ಎಂದ. ಅವಳ ಎಡಗೈ ಮೊಣಕೈವರೆಗೆ ಮರವಾಯಿತು.

ಮತ್ತೆ ಬೆಟ್ಟ ಹತ್ತಿ, ಗಾಳಿಯ ಚಿತ್ರವನ್ನೇ ಕೇಳಿದಳು. ಮುದುಕ ಸಾಲವಾಗಿ ಒಯ್ಯಿ, ತಿರುಗಿ ತಂದುಕೊಡು ಎಂದ. ಚಿನ್ನಾಯಿ ಸುಳ್ಳು ಹೇಳಲಿಲ್ಲ.

"ಹಲಗೆಗೆ ಅಂಟಿಸಿ ಕೆತ್ತಬೇಕು, ಅಜ್ಜಾ. ಕಾಗದ ಪುಡಿಯಾಗುತ್ತದೆ."

ತಿರುಕಣ್ಣ ಚಿತ್ರದ ಮೇಲೆ ಕೈಯಾಡಿಸಿದ. "ಅಂಥದ್ದು ಇನ್ನೊಂದು ನನ್ನ ಕೈಯಲ್ಲಾಗದು ಮಗಳೇ. ಹಾಗಾದರೆ ಸಾಲ ದೊಡ್ಡದೇ ಆಯಿತು," ಎಂದು ಚಿತ್ರ ಕೊಟ್ಟ.

ಒತ್ತಿದಾಗ ನೇರ ಬರಲೆಂದು ಚಿನ್ನಾಯಿ ಅದನ್ನು ಮಗುಚಿ ಅಂಟಿಸಿದಳು. ಬಲಗೈಯಲ್ಲಿ ಉಳಿ ಹಿಡಿದಳು. ಮರದ ಎಡಗೈಯೇ ಕೊಡತಿಯಾಯಿತು. ಗಾಳಿಯ ಗೆರೆಗಳ ನಡುವೆ ಅಜ್ಜಿಯ ಬಳ್ಳಿಯನ್ನು ಹಾಯಿಸಿದಳು. ಹಲಗೆಯನ್ನು ಮಾತ್ರ ಚೌಕ ಕತ್ತರಿಸಲಿಲ್ಲ. ಬಳ್ಳಿ ಬಾಗಿದಲ್ಲಿ ಬಾಗಿ, ಎಲೆ ಚಾಚಿದಲ್ಲಿ ಚಾಚಿ ಕತ್ತರಿಸಿದಳು. ಒಂದು ಅಂಚಿನಲ್ಲಿ ಅರ್ಧ ಎಲೆ, ಎದುರು ಅಂಚಿನಲ್ಲಿ ಉಳಿದರ್ಧ.

ಮೂರನೆಯ ಬಟ್ಟೆಯ ಮೇಲೆ ಕರಿಗೋಡ ಗೇಣು ಹಾಕಿದ, ಸಿಗಲಿಲ್ಲ. ಬೆರಳಿಟ್ಟು ಗಾಳಿಯ ಹಿಂದೆ ಹೋದ. ಗಾಳಿ ಎಲೆಯಾಯಿತು, ಎಲೆ ಬಳ್ಳಿಯಾಯಿತು, ಬಳ್ಳಿ ಮತ್ತೆ ಗಾಳಿಯಾಯಿತು. ಇಲ್ಲೇ ಎಲ್ಲೋ ಇದೆ ಎನ್ನುತ್ತ ಬಟ್ಟೆಯ ಮೇಲೆ ಹತ್ತಿದ. ಒಂದು ಸುತ್ತು ಬಂದದ್ದಕ್ಕೆ ಮೊಳದಷ್ಟಾದ, ಎರಡನೆಯದಕ್ಕೆ ಗೇಣಾದ, ಮೂರನೆಯದಕ್ಕೆ ಇರುವೆಯಷ್ಟಾಗಿ ಅಚ್ಚಿನ ಬಣ್ಣದಲ್ಲೇ ಅಂಟಿಕೊಂಡ. ಇನ್ನೂ ಹುಡುಕುತ್ತಿದ್ದಾನೆ.

ರಾಜ್ಯದ ಮೈಮೇಲಿಂದ ಕೆಂಪು ಹೂವು ಉದುರಿತು. ಚಿನ್ನಾಯಿಯ ಕೈಯಲ್ಲಿ ರಕ್ತ ಹರಿಯಿತು, ಜಡೆ ಹಗುರಾಯಿತು. ತೇಗದ ಅಚ್ಚು ಮೈಮುರಿದು ಗುರವ್ವನಾಗಿ ಎದ್ದು, ತಂಗಿಯ ಮುಖಕ್ಕಿಂತ ಮೊದಲು ಬಟ್ಟೆ ನೋಡಿದಳು.

"ಅಂಚನ್ನು ಹೀಗೆ ಕತ್ತರಿಸಲು ಯಾರು ಕಲಿಸಿದರೇ?"

"ಯಾರೂ ಇಲ್ಲಕ್ಕಾ."

"ನನಗೆ ಹೊಳೆದಿರಲಿಲ್ಲ," ಎಂದಳು ಗುರವ್ವ. ಆಮೇಲಷ್ಟೇ ತಂಗಿಯನ್ನು ತಬ್ಬಿಕೊಂಡಳು.

ಅಂದಿನಿಂದ ರಂಗಸೀಮೆಯಲ್ಲಿ ಮನೆಗೊಂದು ಅಚ್ಚು, ಮೈಗೊಂದು ಬಣ್ಣ. ಜನ ತಮಗೆ ಬೇಕೆನಿಸಿದಾಗ ಕೂತರು, ಬೇಕೆನಿಸಿದಾಗ ಎದ್ದರು, ಸುಖವಾಗಿದ್ದರು.

ಚಿನ್ನಾಯಿ ಹೊಸದಾಗಿ ಹನ್ನೆರಡು ಮೊಳ ಒತ್ತಿ ಬೆಟ್ಟಕ್ಕೆ ಹೊತ್ತು, ಗವಿಯ ಮುಂದೆ ಹಾಸಿದಳು. ಅರವತ್ತು ಕಡೆ ಅದೇ ಗಾಳಿ. ತಿರುಕಣ್ಣ ಬಗ್ಗಿ ಬಗ್ಗಿ ನೋಡುತ್ತ ನಡೆದು, ನಡುವೆ ಒಂದು ಕಡೆ ಬೆರಳಿಟ್ಟ.

"ನನ್ನದು ಇದು. ಉಳಿದದ್ದು ಊರಿಗೆ ಕೊಡು."

"ಎಲ್ಲವೂ ಒಂದೇ ಅಲ್ಲವೇ ಅಜ್ಜಾ?"

"ನಿನ್ನ ಕಣ್ಣಿಗೆ."

ಸಂದು ಎಲ್ಲಿದೆಯೆಂದು ಬಲ್ಲವಳು ಚಿನ್ನಾಯಿ ಒಬ್ಬಳೇ. ಕತ್ತರಿ ತೆಗೆದು, ಬಳ್ಳಿಯ ಅಂಚು ಹಿಡಿದು, ಎಲೆ ಎಲೆಯಾಗಿ ಸುತ್ತ ಕತ್ತರಿಸಿ, ಎರಡೂ ಕೈಯಿಂದ ಎತ್ತಿ ಮುದುಕನ ಕೈಗಿಟ್ಟಳು.