ಬೀರನಕೊಪ್ಪದ ಒರಳು

ರಾಮನಗುಳಿಯಿಂದ ಆರು ಕಿಲೋಮೀಟರ್ ಒಳಗೆ, ಕಾಡಿನಲ್ಲಿ ಬೀರನಕೊಪ್ಪ ಎಂಬ ಊರಿತ್ತು ಎನ್ನುವವರು ಈಗ ಒಬ್ಬರೇ, ಎಪ್ಪತ್ತೆರಡರ ಬೊಮ್ಮಿ. ಹಳ್ಳ ಉಕ್ಕಿ ಗದ್ದೆಗೆ ಮರಳು ತುಂಬಿದ ವರ್ಷ ಊರು ಖಾಲಿಯಾಯಿತು. ಆಗ ಅವಳಿಗೆ ಎಂಟು.

ಕಾರವಾರದ ಸಂಶೋಧಕಿ ವಿನುತಾ ಪಾಳುಬಿದ್ದ ಊರುಗಳ ಪಟ್ಟಿ ಮಾಡುತ್ತಿದ್ದಳು. ಹನ್ನೆರಡು ಸಿಕ್ಕಿದ್ದವು. ಹದಿಮೂರನೆಯದು ಸೇರಬೇಕಾದರೆ ಬಾಯಿಮಾತು ಸಾಲದು, ಒಂದು ಅಡಿಪಾಯವಾದರೂ ಕಾಣಬೇಕು. ಪಟ್ಟಿ ಜೂನ್ ಕೊನೆಗೆ ಮುಗಿಯಬೇಕಿತ್ತು. ಮೊದಲ ಮಳೆ ಬಿದ್ದಾಗಿತ್ತು.

ಒಂದು ಬೆಳಿಗ್ಗೆ ಮೂವರು ಮೊಣಕಾಲಾಳದ ಹಳ್ಳ ದಾಟಿ ಹೊರಟರು. ಹಗ್ಗ ಹೊತ್ತ ರಾಮನಗುಳಿಯ ಹುಡುಗ ಪ್ರದೀಪ ವಿನುತಾಳ ಜೊತೆ ಮುಂದೆ, ಬೊಮ್ಮಿ ಬಹಳ ಹಿಂದೆ. ಎರಡು ಗುಡ್ಡಗಳ ನಡುವೆ ಸಮತಟ್ಟಾದ ಅಗಲ ನೆಲ ತೆರೆದುಕೊಂಡಿತು. ವಿನುತಾ ಮತ್ತು ಪ್ರದೀಪ ಎರಡು ತಾಸು ಪೊದೆ ಸವರಿದರು. ಒಂದು ಕಲ್ಲೂ ಸಿಗಲಿಲ್ಲ.

ನಿಧಾನಕ್ಕೆ ಬಂದು ತಲುಪಿದ ಬೊಮ್ಮಿ ನಕ್ಕಳು. "ಇಲ್ಲೆಂತ ಹುಡುಕ್ತೆ ತಂಗಿ? ಗದ್ದೆ ಮಾಡೂ ಜಾಗದಲ್ಲಿ ಯಾರಾರೂ ಮನೆ ಕಟ್ತ್ರಾ?"

"ಮತ್ತೆ ಎಲ್ಲಿ ಅಜ್ಜಿ?"

ಅವಳು ಇಳಿಜಾರಿನ ಹಲಸಿನ ಮರ ತೋರಿಸಿದಳು. "ಹಲಸು ಮನೆ ಅಂಗಳದ್ದು."

ಮರದ ಬುಡದಿಂದ ಹತ್ತು ಹೆಜ್ಜೆಗೆ ಕೆಂಪು ಚಿರೇಕಲ್ಲಿನ ಅಡಿಪಾಯದ ಸಾಲು ಸಿಕ್ಕಿತು. ಬೊಮ್ಮಿ ಕತ್ತಿಯಿಂದ ತರಗೆಲೆ ಸರಿಸಿದಳು. ನೆಲದಲ್ಲಿ ಹೂತ ಒರಳು.

"ನಮ್ಮವ್ವಿ ಭತ್ತ ಕುಟ್ತಿದ್ದದ್ದು," ಎಂದು ಕುಳಿಯೊಳಗೆ ಕೈಯಿಟ್ಟಳು. ವಿನುತಾ ಅಳತೆ ಬರೆದುಕೊಂಡಳು, ಚಿತ್ರ ತೆಗೆದಳು.

ಅಷ್ಟರಲ್ಲಿ ಮಳೆ ಹೊಡೆಯಿತು.

ಮರಳಿ ಬಂದಾಗ ಹಳ್ಳ ಸೊಂಟಕ್ಕೇರಿತ್ತು. ಪ್ರದೀಪ ಹಗ್ಗದ ಒಂದು ತುದಿ ಮರಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಆಚೆ ದಾಟಿ ಬಿಗಿದ.

"ನಿನ್ನ ಚೀಲ ಕೊಡು ತಂಗಿ," ಎಂದಳು ಬೊಮ್ಮಿ.

"ಬೇಡ ಅಜ್ಜಿ, ಕ್ಯಾಮೆರಾ ಇದೆ."

"ಅದಕ್ಕೇ ಕೇಳೂದು. ನಲವತ್ತು ವರ್ಷ ಅಂಕೋಲಾ ಪೇಟೆಗೆ ತರಕಾರಿ ಹೊತ್ತದ್ದು ಈ ತಲೆ."

ಸೆರಗು ಸುತ್ತಿ ಸಿಂಬಿ ಮಾಡಿ, ಚೀಲ ತಲೆಗಿಟ್ಟು, ಎರಡೂ ಕೈಯಲ್ಲಿ ಹಗ್ಗ ಹಿಡಿದು ನೀರಿಗಿಳಿದಳು.

ನಡುನೀರಿನಲ್ಲಿ, ಹಿಂದೆ ಬರುತ್ತಿದ್ದ ವಿನುತಾಳ ಕಾಲು ಜಾರಿತು.

ಮುಳುಗಿದಳು. ಹಗ್ಗ ಬಿಡಲಿಲ್ಲ.

ಪ್ರದೀಪ ಹಾರಿ ಬಂದು ತೋಳು ಹಿಡಿದೆಳೆದ. ದಡ ಸೇರಿದಾಗ ಅವಳು ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಚೀಲ ಬೊಮ್ಮಿಯ ತಲೆಯ ಮೇಲೆ ಇಟ್ಟಂತೆಯೇ ಇತ್ತು.

"ಆಯಿ, ನಾಳೆಯಿಂದ ಹಗ್ಗ ನೀವೇ ಹೊರಿ," ಎಂದ ಪ್ರದೀಪ ಬೊಮ್ಮಿಗೆ.

ರಾಮನಗುಳಿಯ ಚಹಾ ಅಂಗಡಿಯಲ್ಲಿ ವಿನುತಾ ಬರೆದದ್ದನ್ನು ಓದಿ ಹೇಳಿದಳು: "ಹದಿಮೂರು. ಬೀರನಕೊಪ್ಪ. ಮನೆ ಒಂದು."

"ಏಳಿತ್ತು," ಎಂದಳು ಬೊಮ್ಮಿ.

"ನಾನು ಕಂಡದ್ದು ಒಂದೇ ಅಜ್ಜಿ. ಕಂಡದ್ದಷ್ಟೇ ಬರೆಯೋದು."

ಬೊಮ್ಮಿ ಚಹಾ ಮುಗಿಸಿ ಲೋಟ ಕೆಳಗಿಟ್ಟಳು.

"ಅಡ್ಡಿಲ್ಲ. ಆ ಒಂದು ನಮ್ಮನೆಯೇ ಅಲ್ದಾ."